ಅಕ್ಕನಿಗೆ ಕಳಿಸಿದ ಮೂರು ಸಾಲಿನ ವಸಂತ

ಅಕ್ಕ ಎಂದು ನಾನು ಕರೆಯುವವರು ನನ್ನ ಒಡಹುಟ್ಟಿದವರಲ್ಲ. ನಾಸಿಕದಲ್ಲಿ ನಮ್ಮ ಬ್ಯಾಂಕಿನ ಎದುರಿಗಿದ್ದ ಸಸ್ಯಾಹಾರಿ ಹೋಟೆಲಿನ ಯಜಮಾನರ ಹೆಂಡತಿ. ಕುಂದಾಪುರದ ಕಡೆಯವರು. ಬಾಗಲಕೋಟೆಯಿಂದ ವರ್ಗವಾಗಿ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕೂತವಳು ಫೋನಿನಲ್ಲಿ ಅವ್ವನ ಜೊತೆ ಮಾತಾಡುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತು ಕೇಳುತ್ತಿದ್ದರು. ಫೋನು ಇಟ್ಟ ಮೇಲೆ ಹತ್ತಿರ ಬಂದು, "ನಿಮ್ಮ ಕನ್ನಡ ನಂಗೆ ಅರ್ಧ ಅರ್ಥ ಆಯ್ತು. ಆದ್ರೂ ಕೇಳ್ಲಿಕ್ಕೆ ಚಂದ" ಎಂದರು. ಅವರ ಕನ್ನಡವೂ ನನಗೆ ಅರ್ಧವೇ ಅರ್ಥವಾಗಿತ್ತು. ಹೀಗೆ ನಮ್ಮ ಸ್ನೇಹ ಶುರುವಾಯಿತು.

ಅವರ ಮೂಗಿನ ವಿಷಯ ಹೇಳಬೇಕು. ಬಡಿಸುವ ಮೊದಲು ಅಡುಗೆಯ ರುಚಿ ನೋಡುವುದು ಅವರ ಅತ್ತೆಯ ಕಾಲದಿಂದಲೂ ಆ ಮನೆಯಲ್ಲಿ ನಿಷಿದ್ಧ. ಹೋಟೆಲಾದರೂ ಅದೇ ಕ್ರಮ. ದೇವರಿಗೆ ತೋರಿಸದೆ ನಾಲಿಗೆಗೆ ತಾಗಿಸಬಾರದು. ಹಾಗಾಗಿ ಅವರು ಎಲ್ಲವನ್ನೂ ಮೂಗಿನಲ್ಲೇ ನೋಡುತ್ತಿದ್ದರು. ಸಾಂಬಾರಿನ ಹಂಡೆಯ ಮುಚ್ಚಳ ತೆಗೆದು ಒಮ್ಮೆ ಬಾಗಿ ಎದ್ದರೆ ಸಾಕು, "ಉಪ್ಪು ಸಾಲದು" ಎನ್ನುತ್ತಿದ್ದರು. ಉಪ್ಪಿಗೆ ವಾಸನೆ ಎಲ್ಲಿಯದು ಎಂದು ನಾನು ವಾದಿಸಿದ್ದೆ. "ಉಪ್ಪಿಗೆ ಇಲ್ಲ. ಉಪ್ಪು ಬಿದ್ದ ಸಾರಿಗೆ ಉಂಟು" ಎಂದು ನಕ್ಕಿದ್ದರು.

ಆಮೇಲೆ ಜ್ವರದ ವರ್ಷಗಳು ಬಂದವು. ಹೋಟೆಲು ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ಅವರ ಮನೆಯಲ್ಲಿ ಎಲ್ಲರಿಗೂ ಬಂದು ಹೋಯಿತು. ಯಾರಿಗೂ ಜೀವಕ್ಕೆ ಅಪಾಯವಾಗಲಿಲ್ಲ ಎಂದು ನಾವು ಸಮಾಧಾನ ಪಟ್ಟುಕೊಂಡೆವು. ಹೋಟೆಲು ಪೂರ್ತಿ ತೆರೆದ ಮೇಲೂ ಅಕ್ಕ ಅಡುಗೆಮನೆಯಲ್ಲಿ ಕಾಣಿಸಲಿಲ್ಲ. ಕೇಳಿದರೆ ಯಜಮಾನರು, "ಸುಸ್ತು ಅಂತಾಳೆ, ಮನೆಯಲ್ಲೇ ಇರ್ತಾಳೆ" ಎಂದರು.

ಒಂದು ಭಾನುವಾರ ಮಗಳನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಮಗಳು ಆಗ ಹೈಸ್ಕೂಲು. ನಾಸಿಕದಲ್ಲೇ ಬೆಳೆಯುತ್ತಿದ್ದುದರಿಂದ ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ. ಅಕ್ಕನನ್ನು ಅವಳು ಮಾವಶಿ, ಎಂದರೆ ದೊಡ್ಡಮ್ಮ, ಎನ್ನುತ್ತಿದ್ದಳು. ಮೂವರೂ ಹೊರಗಿನ ಕೋಣೆಯಲ್ಲಿ ಕೂತು ಮಾತಾಡುತ್ತಿದ್ದೆವು. ಒಳಗಿಂದ ಹಾಲು ಸೀದ ವಾಸನೆ ಬರತೊಡಗಿತು. ಮೊದಲು ಸಣ್ಣಗೆ, ಆಮೇಲೆ ಕಣ್ಣುರಿಯುವಷ್ಟು. ಅಕ್ಕ ಸೋಫಾದ ಮೇಲೆ ಕಾಲು ಮಡಚಿ ಕೂತು, ಮಗಳ ಶಾಲೆಯ ವಿಷಯ ಕೇಳುತ್ತಲೇ ಇದ್ದರು.

"ಅಕ್ಕಾರ, ಹಾಲು ಹತ್ತೇತಲ್ಲರಿ" ಎಂದು ನಾನು ಎದ್ದು ಓಡಿದೆ. ಪಾತ್ರೆಯ ತಳ ಕಪ್ಪಾಗಿತ್ತು. ಒಲೆ ಆರಿಸಿ, ಕಿಟಕಿ ತೆಗೆದು ತಿರುಗಿ ನೋಡಿದರೆ ಅಕ್ಕ ಬಾಗಿಲಲ್ಲಿ ನಿಂತಿದ್ದರು. ಅವರ ಮುಖದಲ್ಲಿ ಗಾಬರಿಯಿರಲಿಲ್ಲ, ನಾಚಿಕೆಯಿತ್ತು.

"ನಂಗೆ ವಾಸ್ನೆ ಬರುದಿಲ್ಲ ಮಾರಾಯ್ತಿ. ಜ್ವರ ಬಿಟ್ಟ ಮೇಲೆ ಎಂತದೂ ಬರುದಿಲ್ಲ. ಇವರಿಗೆ ಮಾತ್ರ ಗೊತ್ತು. ಹೋಟ್ಲಲ್ಲಿ ಯಾರಿಗೂ ಹೇಳ್ಲಿಲ್ಲ."

"ಬರ್ತೈತ್ರಿ, ಎಲ್ಲರಿಗೂ ಬಂದೈತಿ, ನಿಮಗೂ ಬರ್ತೈತಿ" ಎಂದೆ. ಎಲ್ಲರೂ ಹಾಗೆಯೇ ಹೇಳಿರಬೇಕು. ಅವರು ತಲೆಯಾಡಿಸಿದರು. ಸೀದ ಪಾತ್ರೆಯನ್ನು ಮೂಗಿನ ಹತ್ತಿರ ಹಿಡಿದು, ಜೋರಾಗಿ ಉಸಿರೆಳೆದುಕೊಂಡು, ಮತ್ತೆ ತೊಟ್ಟಿಯಲ್ಲಿಟ್ಟರು.

ಡಾಕ್ಟರು ಹೇಳಿದ್ದನ್ನೆಲ್ಲ ಅವರು ಮಾಡುತ್ತಿದ್ದರು. ದಿನಾ ಬೆಳಿಗ್ಗೆ ಲವಂಗ, ನಿಂಬೆ, ನೀಲಗಿರಿ ಎಣ್ಣೆ ಒಂದೊಂದನ್ನೇ ಮೂಗಿಗೆ ಹಿಡಿದು ಆ ವಾಸನೆಯನ್ನು ನೆನೆಸಿಕೊಳ್ಳಬೇಕು. ಮೂಗು ಮರೆತದ್ದನ್ನು ತಲೆಯಿಂದ ಕಲಿಸುವುದು. ಲವಂಗ ನೆನಪಾಗುತ್ತದೆ, ಆದರೆ ಲವಂಗ ಬರುವುದಿಲ್ಲ ಎನ್ನುತ್ತಿದ್ದರು.

ಮಾಘ ಕಳೆದು ಬಿಸಿಲಿಗೆ ಸ್ವಲ್ಪ ಬಲ ಬಂದಿತ್ತು. ಬೆಳೆಸಾಲ ಕೇಳಿದವರ ತೋಟ ನೋಡಿ ವರದಿ ಬರೆಯುವುದು ಆಗ ನನ್ನ ಕೆಲಸ. ಒಂದು ದಿನ ನಿಫಾಡ್ ಕಡೆಗೆ ಹೋಗಿದ್ದೆ. ದ್ರಾಕ್ಷಿ ಕೊಯ್ಲು ನಡೆದಿತ್ತು. ಚಪ್ಪರದ ಕೆಳಗೆ ಹೆಂಗಸರು ತಲೆಗೆ ಬಟ್ಟೆ ಸುತ್ತಿಕೊಂಡು, ಗೊಂಚಲಿಗೆ ಒಂದು ಕೈ ಕೊಟ್ಟು ಇನ್ನೊಂದು ಕೈಯಲ್ಲಿ ಕತ್ತರಿ ಆಡಿಸುತ್ತಿದ್ದರು. ಆಗಲೇ ಅಕ್ಕನ ಫೋನು ಬಂತು. ಎಲ್ಲಿದ್ದೀ ಎಂದು ಕೇಳಿದರು. ಹೇಳಿದೆ.

"ಅಲ್ಲಿ ಎಂತ ವಾಸ್ನೆ ಉಂಟು?"

"ಚಲೋ ಐತ್ರಿ ಅಕ್ಕಾರ."

"ಚಲೋ ಅಂದ್ರೆ ಎಂತ ವಾಸ್ನೆ? ಸರಿ ಹೇಳು."

ಅವರ ದನಿಯಲ್ಲಿ ತಮಾಷೆಯಿರಲಿಲ್ಲ. ಹಸಿದವರು ಊಟ ಕೇಳಿದ ಹಾಗಿತ್ತು. ನಾನು ಕಣ್ಣು ಮುಚ್ಚಿ ನಿಂತೆ. ದ್ರಾಕ್ಷಿಯ ಸಿಹಿ ಇತ್ತು, ಅದರ ಕೆಳಗೆ ಹನಿ ನೀರಾವರಿಯ ಒದ್ದೆ ಮಣ್ಣು, ಬಳ್ಳಿಗೆ ಎರಚಿದ ಗಂಧಕದ ಪುಡಿಯ ಒಗರು, ಕೆಲಸದ ಹೆಂಗಸರ ಡಬ್ಬಿಯಿಂದ ಬಂದ ಶೇಂಗಾ ಚಟ್ನಿಯ ಘಾಟು. ಇಷ್ಟನ್ನೂ ಹೇಳಲು ಹೋಗಿ ತೊದಲಿದೆ. "ಮನೆಗೆ ಹೋಗಿ ಬರೆದು ಕಳಿಸ್ತೀನ್ರಿ" ಎಂದುಬಿಟ್ಟೆ.

ಕಾಲೇಜಿನಲ್ಲಿದ್ದಾಗ ನಾನು ಒಂದಷ್ಟು ಕವಿತೆ ಗೀಚಿದವಳೇ. ಮದುವೆ, ನೌಕರಿ, ವರ್ಗಾವಣೆಗಳ ನಡುವೆ ಅದು ತಾನಾಗಿಯೇ ನಿಂತುಹೋಗಿತ್ತು. ಗಂಡನ ಕೆಲಸ ಸೋಲಾಪುರದಲ್ಲಿ, ವಾರಕ್ಕೊಮ್ಮೆ ಬರುವವರು. ಮನೆ, ಬ್ಯಾಂಕು, ಮಗಳು ಎಲ್ಲ ಒಬ್ಬಳೇ ನೋಡಿಕೊಳ್ಳುವವಳಿಗೆ ಉದ್ದದ್ದು ಬರೆಯುವ ವ್ಯವಧಾನವೂ ಇರಲಿಲ್ಲ. ಅಂದು ಬಸ್ಸಿನಲ್ಲಿ ವಾಪಸು ಬರುವಾಗ ಫೋನಿನಲ್ಲೇ ನಾಲ್ಕು ಸಾಲು ಟೈಪು ಮಾಡಿದೆ.

ತೊಟ್ಟು ಕತ್ತರಿಸಿದ ಕತ್ತರಿ
ಅಂಟಂಟು;
ನೊಣವೊಂದು ಅದನ್ನೇ ಸುತ್ತುತ್ತಿದೆ
ನನ್ನ ಮನಸ್ಸಿನಂತೆ.

ಕಳಿಸಿದ ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಅಂಟಂಟು ಅಂದಾಗ ನಂಗೆ ಸಿಹಿ ಬಂತು. ಮೂಗಿಗಲ್ಲ, ಬೆರಳಿಗೆ. ಕಡೇ ಸಾಲು ಯಾಕೆ? ಅದ್ರಲ್ಲಿ ದ್ರಾಕ್ಷಿ ಇಲ್ಲ, ನೀನು ಮಾತ್ರ ಇದ್ದೀ." ನಾನು ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಕಡೆಯ ಸಾಲನ್ನು ತೆಗೆದುಹಾಕಿದೆ. ಮೂರು ಸಾಲು ಉಳಿಯಿತು. ಅಲ್ಲಿಂದ ಮುಂದೆ ಮೂರೇ ಸಾಲು.

ಆ ವಸಂತವಿಡೀ ನನ್ನ ಮೂಗು ನನ್ನದಾಗಿರಲಿಲ್ಲ. ಬ್ಯಾಂಕಿಗೆ ಹೋಗುವ ದಾರಿಯಲ್ಲಿ, ತರಕಾರಿ ಸಂತೆಯಲ್ಲಿ, ಗೋದಾವರಿಯ ಮೆಟ್ಟಿಲ ಮೇಲೆ, ಎಲ್ಲಿ ನಿಂತರೂ ಇದನ್ನು ಅಕ್ಕನಿಗೆ ಹೇಗೆ ಹೇಳಲಿ ಎಂದೇ ಯೋಚನೆ. ಒಂದು ವಾಸನೆಯನ್ನು ಇನ್ನೊಂದು ವಾಸನೆಗೆ ಹೋಲಿಸಿ ಹೇಳಿದರೆ ಅವರಿಗೆ ಉಪಯೋಗವಿರಲಿಲ್ಲ. ಮಲ್ಲಿಗೆಯಂತೆ ಎಂದರೆ ಮಲ್ಲಿಗೆಯೂ ಅವರ ಪಾಲಿಗೆ ಇರಲಿಲ್ಲವಲ್ಲ. ಹಾಗಾಗಿ ಅದು ಎಲ್ಲಿ ತಾಗುತ್ತದೆ, ಏನು ಮಾಡಿಸುತ್ತದೆ ಎಂದು ಹುಡುಕಬೇಕಾಗುತ್ತಿತ್ತು. ನಮ್ಮ ಕಾಲೊನಿಯ ಆಚೆಯ ಬಂಗಲೆಯಲ್ಲಿ ಮಾವಿನ ಮರ ಹೂ ಬಿಟ್ಟಿತು. ಇಲ್ಲಿಯವರು ಅದಕ್ಕೆ ಮೊಹೋರ ಎನ್ನುತ್ತಾರೆ.

ಬಾಗಿಲು ತೆರೆದೊಡನೆ
ಗಂಟಲಲ್ಲಿ ಜೇನು.
ಮಾವಿರುವುದು ಬೀದಿಯಾಚೆ.

"ಹಾಂ, ಇದು ಬಂತು" ಎಂದು ಉತ್ತರ ಬಂತು. ಎಲ್ಲವೂ ಹಾಗೆ ಬರುತ್ತಿರಲಿಲ್ಲ. ಈರುಳ್ಳಿ ಲಾರಿಗಳ ಹಿಂದೆ ಹೋಗುವಾಗಿನ ಗಾಳಿಯ ಬಗ್ಗೆ, ಗೋಧಿ ಕೊಯ್ದ ಹೊಲದ ಬಿಸಿ ಹುಲ್ಲಿನ ಬಗ್ಗೆ ಬರೆದವು ಅವರಿಗೆ ಹಿಡಿಸಲಿಲ್ಲ. "ಚಂದ ಉಂಟು, ಆದ್ರೆ ನಂಗೆ ಎಂತದೂ ಆಗ್ಲಿಲ್ಲ" ಎಂದು ನೇರವಾಗಿ ಹೇಳುತ್ತಿದ್ದರು. ಬೇಜಾರಾಗುತ್ತಿತ್ತು, ಮತ್ತೆ ಬರೆಯುತ್ತಿದ್ದೆ.

ಒಮ್ಮೆ ತ್ರ್ಯಂಬಕದ ದಾರಿಯಲ್ಲಿ ಗುಡ್ಡದ ಬುಡದ ಹೊಲದಂಚಿಗೆ ಮುತ್ತುಗದ ಮರಗಳು ಹೂವಾಗಿ ನಿಂತಿದ್ದವು. ಎಲೆ ಒಂದೂ ಇಲ್ಲದೆ ಬರೀ ಕೇಸರಿ. ಬಸ್ಸಿಳಿದು ಹತ್ತಿರ ಹೋದೆ. ಹೂವೊಂದನ್ನು ಕಿತ್ತು ಮೂಸಿದರೆ ಏನೂ ಇಲ್ಲ. ಮರದ ಕೆಳಗೆ ನಿಂತೇ ಬರೆದು ಕಳಿಸಿದೆ.

ಹೊಲದಂಚಿಗೆ ಮುತ್ತುಗ.
ಇಷ್ಟೊಂದು ಉರಿ,
ಹೊಗೆಯ ವಾಸನೆಯೇ ಇಲ್ಲ.

ಈ ಸಲ ಉತ್ತರದ ಬದಲು ಫೋನೇ ಬಂತು. "ನಿಜವಾಗಿ ವಾಸ್ನೆ ಇಲ್ವಾ? ನಂಗೋಸ್ಕರ ಬರ್ದದ್ದಾ?"

"ಖರೇನ ಇಲ್ರಿ. ನಾನು ಮೂಸಿ ನೋಡೀನಿ."

"ಹಾಗಾದ್ರೆ ನಂಗೆ ತೋರ್ಸು."

ಮುಂದಿನ ಭಾನುವಾರ ಯಜಮಾನರ ಕಾರಿನಲ್ಲಿ ಅಲ್ಲಿಗೇ ಹೋದೆವು. ಜ್ವರದ ನಂತರ ಅಕ್ಕ ಊರ ಹೊರಗೆ ಬಂದದ್ದು ಅದೇ ಮೊದಲು. ಮರದ ಕೆಳಗೆ ಬಿದ್ದ ಹೂವನ್ನು ಸೆರಗಿನಲ್ಲಿ ತುಂಬಿಕೊಂಡರು, ಒಂದನ್ನು ಮೂಗಿಗೆ ಹಿಡಿದರು, ಗಂಡನ ಮೂಗಿಗೂ ಹಿಡಿದರು. "ಬಂತಾ?" ಎಂದು ಕೇಳಿದರು. ಯಜಮಾನರು ಇಲ್ಲವೆಂದರು. "ನಂಗೂ ಬರ್ಲಿಲ್ಲ. ಈ ಹೂವಿನ ಮುಂದೆ ನಾವೆಲ್ಲ ಒಂದೇ" ಎಂದು ಅಕ್ಕ ಖುಷಿಯಿಂದ ನಕ್ಕರು. ಯಜಮಾನರು ಆ ಕಡೆ ಮುಖ ತಿರುಗಿಸಿ ಕಾರಿನ ಗಾಜು ಒರೆಸತೊಡಗಿದರು.

ಆ ನಗು ಬಹಳ ದಿನ ಉಳಿಯಲಿಲ್ಲ. ಬೇಸಗೆ ಕಳೆದು ಮಳೆಗಾಲ ಹಿಡಿಯುವ ಹೊತ್ತಿಗೆ ಅಕ್ಕನಿಗೆ ವಾಸನೆ ಬರತೊಡಗಿತು. ಆದರೆ ಅದು ಬಂದ ರೀತಿ ಬೇರೆ. ಕಾಫಿ ಕುದಿಯುವಾಗ ಸುಟ್ಟ ಟಯರಿನ ವಾಸನೆ. ಈರುಳ್ಳಿ ಹುರಿದರೆ ಸತ್ತ ಇಲಿಯ ವಾಸನೆ. ಸೋಪು, ಅಗರಬತ್ತಿ, ಮನೆಗೆ ಹೊಸದಾಗಿ ಬಂದ ಮೊಮ್ಮಗುವಿನ ತಲೆ, ಯಾವುದೂ ಅದರದರ ಹಾಗೆ ಬರುತ್ತಿರಲಿಲ್ಲ. ಇದೂ ಗುಣವಾಗುವ ದಾರಿಯೇ ಎಂದರಂತೆ ಡಾಕ್ಟರು. ಇಡೀ ಜಿಲ್ಲೆಯೇ ಈರುಳ್ಳಿ ಬೆಳೆಯುವ ಊರಿನಲ್ಲಿ, ಇಡೀ ದಿನ ಕಾಫಿ ಕುದಿಯುವ ಹೋಟೆಲಿನ ಮೇಲಿನ ಮಹಡಿಯಲ್ಲಿ ಅವರು ಬದುಕಬೇಕಿತ್ತು. ಮೊಸರನ್ನ ಬಿಟ್ಟು ಬೇರೇನೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸೊರಗಿಹೋದರು.

ನಾನು ಮೂರು ಸಾಲು ಕಳಿಸುವುದನ್ನು ಬಿಟ್ಟಿರಲಿಲ್ಲ. ಮೊದಲ ಮಳೆ ಬಿದ್ದ ಮಣ್ಣಿನ ಬಗ್ಗೆ ಒಂದನ್ನು ಕಳಿಸಿದೆ. ಆ ಸಂಜೆ ಅವರು ಫೋನು ಮಾಡಿದರು. ದನಿ ಬಹಳ ಮೆತ್ತಗಿತ್ತು.

"ಇನ್ನು ಕಳಿಸ್ಬೇಡ. ಆಗ ಎಂತದೂ ಬರ್ತಿರ್ಲಿಲ್ಲ, ನೀನು ಬರ್ದದ್ದು ನೆನಪಿಗೆ ಬರ್ತಿತ್ತು. ಈಗ ನೀನು ಮಣ್ಣು ಅಂದ್ರೆ ನಂಗೆ ಬೇರೆ ಎಂತದೋ ಬರ್ತದೆ. ನೆನಪೂ ಹಾಳಾಗ್ತದೆ."

"ಆತ್ರಿ ಅಕ್ಕಾರ" ಎಂದೆ. ಅವರು ಹೇಳಿದ್ದು ಸರಿಯಾಗಿತ್ತು.

ಅದೇ ವರ್ಷ ನನಗೆ ಸಂಭಾಜಿನಗರಕ್ಕೆ ವರ್ಗವಾಯಿತು. ವಾಳೂಜ್ ಕೈಗಾರಿಕಾ ಪ್ರದೇಶದ ದಾರಿಯಲ್ಲಿ ನಮ್ಮ ಶಾಖೆ. ನಾಸಿಕದ ಹಸಿರು, ತಂಪು ಯಾವುದೂ ಅಲ್ಲಿಲ್ಲ. ಬೆಳಿಗ್ಗೆ ಪಾಳಿಯ ಬಸ್ಸುಗಳು ಸಾಲಾಗಿ ಹೋಗುತ್ತವೆ, ಕಾರ್ಖಾನೆಗಳ ಕಡೆಯಿಂದ ಗಾಳಿ ಬಂದರೆ ಹೊಸ ಬಣ್ಣ, ಎಣ್ಣೆ, ಬಿಸಿ ಕಬ್ಬಿಣ. ಗಂಗಾಪುರದ ಕಡೆಯ ಹಳ್ಳಿಗಳಿಂದ ಹಾಲು, ತರಕಾರಿ ತರುವವರು ಬ್ಯಾಂಕಿನ ಗೋಡೆಯ ನೆರಳಿಗೆ ಕೂರುತ್ತಾರೆ. ಮಗಳಿಗೆ ಹೊಸ ಕಾಲೇಜು, ಗೆಳತಿಯರಿಲ್ಲ. ಸಂಜೆ ಇಬ್ಬರೂ ಬಾಲ್ಕನಿಯಲ್ಲಿ ಸುಮ್ಮನೆ ಕೂರುತ್ತಿದ್ದೆವು. ಅಕ್ಕನಿಗೆ ಆಗಾಗ ಫೋನು ಮಾಡುತ್ತಿದ್ದೆ. ಮಾತು ಆರೋಗ್ಯದಲ್ಲಿ ಶುರುವಾಗಿ ಹವೆಯಲ್ಲಿ ಮುಗಿಯುತ್ತಿತ್ತು. ವಾಸನೆಯ ಸುದ್ದಿ ಇಬ್ಬರೂ ಎತ್ತುತ್ತಿರಲಿಲ್ಲ.

ಆದರೆ ಬರೆಯುವುದು ನಿಂತಿರಲಿಲ್ಲ. ಅಭ್ಯಾಸವಾಗಿಬಿಟ್ಟಿತ್ತು. ಚೈತ್ರ ಹತ್ತಿರವಾದಾಗ ನಮ್ಮ ಕಟ್ಟಡದ ಅಂಗಳದ ಬೇವುಗಳು ಹೂ ಬಿಟ್ಟವು. ಇಷ್ಟು ಒಣಗಿದ ಊರಿನಲ್ಲಿ ಇಷ್ಟು ಮೃದುವಾದ ವಾಸನೆ ಎಲ್ಲಿ ಅಡಗಿತ್ತೋ. ಬೆಳಿಗ್ಗೆ ಬಾಗಿಲ ಮುಂದೆ ಗುಡಿಸುವಾಗ ಹೊಳೆದ ಸಾಲುಗಳನ್ನು ಹಾಲಿನ ಚೀಟಿಯ ಹಿಂದೆ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದೆ.

ಗುಡಿಸಿದಷ್ಟೂ ಉದುರುವ ಬೇವಿನ ಹೂವು.
ಪೊರಕೆಯ ತುದಿಗೂ
ಕಂಪು.

ಮಗಳು ಕನ್ನಡ ಅಕ್ಷರವನ್ನು ನನ್ನಿಂದಲೇ ಕಲಿತಿದ್ದಳು, ಕೂಡಿಸಿ ಕೂಡಿಸಿ ಓದುತ್ತಿದ್ದಳು. ಆ ದಿನ ನಾನು ಬ್ಯಾಂಕಿನಿಂದ ಬಂದಾಗ ಅವಳು ಅಡುಗೆಮನೆಯಲ್ಲಿ ನಿಂತು, ಸ್ವಲ್ಪ ಹೆದರಿದವಳಂತೆ, "ಮಮ್ಮಿ, ಮೀ ಮಾವಶೀಲಾ ಪಾಠವಲಂ" ಎಂದಳು. ಮಾವಶಿಗೆ ಕಳಿಸಿದೆ ಎಂದು.

"ಏನ್ ಕಳಿಸಿದಿ?"

ಫ್ರಿಜ್ಜಿನ ಕಡೆ ಬೆರಳು ಮಾಡಿದಳು. ಆ ಮೂರು ಸಾಲನ್ನು ತಾನೇ ಓದಿ, ದನಿ ಮುದ್ರಿಸಿ ಕಳಿಸಿದ್ದಳು. ಮಾವಶಿಯ ನೆನಪಾಯಿತಂತೆ. ಕಳಿಸಬೇಡ ಎಂದು ಅಕ್ಕ ಹೇಳಿದ್ದು ಅವಳಿಗೆ ಗೊತ್ತಿರಲಿಲ್ಲ. ಅಳಿಸಿಬಿಡೋಣವೆಂದು ಫೋನು ತೆಗೆದುಕೊಂಡರೆ ಆಗಲೇ ಉತ್ತರ ಬಂದಿತ್ತು, ಅದೂ ದನಿಯಲ್ಲೇ. ಒತ್ತಿದೆ. ಮೊದಲಿಗೆ ನಗು. ನಡುವೆ ಕೆಮ್ಮು. ಮತ್ತೆ ನಗು. ಆಮೇಲೆ ಮಾತು.

"ಪುಟ್ಟೀ, ಪೊರಕೆ ತುದಿಯೂ ಕೆಂಪು ಅಂತ ಓದಿದ್ಯಲ್ಲ, ಪೊರಕೆ ಕೆಂಪಾಗುವಷ್ಟು ಅಮ್ಮ ಯಾರಿಗೆ ಹೊಡೆದದ್ದು?"

ಮಗಳಿಗೆ ಅರ್ಥವಾಗಲಿಲ್ಲ. "ಕಂಪು ಮ್ಹಣಜೇ ಲಾಲ್ ನಾ?" ಎಂದು ಕೇಳಿದಳು. ಕೆಂಪು ಎಂದರೆ ಲಾಲ್, ಕಂಪು ಎಂದರೆ ಸುವಾಸನೆ ಎಂದು ಹೇಳಿಕೊಟ್ಟೆ. ಅವಳು ನಾಲಿಗೆ ಕಚ್ಚಿಕೊಂಡು, ಮತ್ತೆ ಓದಿ ಕಳಿಸಿದಳು. ಈ ಸಲ ಕಂಪು ಸರಿಯಾಯಿತು, ಉದುರುವ ಎಂಬಲ್ಲಿ ತಪ್ಪಿತು. ಆ ಕಡೆಯಿಂದ ಮತ್ತೆ ನಗು ಬಂತು. ಕೊನೆಗೆ ಅಕ್ಕ ನನ್ನ ಹೆಸರು ಹಿಡಿದು, "ನೀನು ಬರೀತಾ ಇದ್ದೀ ಅಂತ ಗೊತ್ತಿರ್ಲಿಲ್ಲ. ಇವಳ ಬಾಯಲ್ಲಿ ಕೇಳ್ಲಿಕ್ಕೆ ಅಡ್ಡಿಲ್ಲ. ಕಳಿಸ್ಲಿಕ್ಕೆ ಹೇಳು" ಎಂದರು.

ಅಂದಿನಿಂದ ನಾನು ಬರೆಯುವುದು, ಮಗಳು ಓದಿ ಕಳಿಸುವುದು. ಮರಾಠಿಯಲ್ಲಿ ಎಕಾರ ಒಕಾರಗಳ ಗಿಡ್ಡ ಉದ್ದ ಎಂಬುದಿಲ್ಲ. ಹಾಗಾಗಿ ಅವಳ ಬಾಯಲ್ಲಿ ಎಲೆ ಏಲೆಯಾಗುತ್ತಿತ್ತು, ಕೊಡೆ ಕೋಡೆಯಾಗುತ್ತಿತ್ತು. ಅಕ್ಕ ಆ ಕಡೆಯಿಂದ ತಿದ್ದುತ್ತಿದ್ದರು. ತಿದ್ದಿದ್ದು ಕುಂದಾಪುರದ ಕನ್ನಡ. ಒಂದು ದಿನ ಮಗಳು ಊಟಕ್ಕೆ ಕೂತು, "ಸಾರಿಗೆ ಉಪ್ಪು ಸಾಲ್ದು ಮಮ್ಮಿ" ಎಂದಳು. ಬಾಗಲಕೋಟೆಯವಳಾದ ನನ್ನ ಮನೆಯಲ್ಲಿ ಮಗಳ ಮೊದಲ ಕನ್ನಡ ವಾಕ್ಯ ಕರಾವಳಿಯದ್ದಾಗಿ ಬಂದಿತ್ತು. ನಾನು ಏನೂ ತೋರಿಸಿಕೊಳ್ಳದೆ ಉಪ್ಪಿನ ಡಬ್ಬಿ ಮುಂದಿಟ್ಟೆ.

ಮರುವರ್ಷದ ಯುಗಾದಿಗೆ ಅಕ್ಕನೇ ಬಂದರು. ಇಲ್ಲಿರುವ ಕನ್ನಡ ಮನೆಗಳು ಹೆಚ್ಚೇನಲ್ಲ. ಬ್ಯಾಂಕಿನವರು, ಅಂಚೆಯವರು, ರೈಲ್ವೆಯವರು, ಒಂದೆರಡು ಹೋಟೆಲಿನವರು. ಹಬ್ಬದ ಮರುದಿನ ಯಾರದಾದರೂ ಕಟ್ಟಡದ ಗಚ್ಚಿಯ ಮೇಲೆ ಸೇರಿ, ಹಾಡು, ಊಟ, ಮಕ್ಕಳ ಆಟ. ಆ ವರ್ಷ ಎಲ್ಲರೂ ವಸಂತದ ಮೇಲೆ ಏನಾದರೂ ಚಿಕ್ಕದಾಗಿ ಓದಬೇಕು ಎಂದು ಮಾತಾಗಿತ್ತು. ಅಕ್ಕಪಕ್ಕದ ಕಿಟಕಿಗಳಲ್ಲಿ ಮರಾಠಿಗರು ಪಾಡ್ವಾ ಹಬ್ಬಕ್ಕೆ ಏರಿಸುವ ಗುಡಿಯ ಕೋಲಿಗೆ ಕಟ್ಟಿದ್ದ ಬೇವಿನ ಟೊಂಗೆಗಳು ಇನ್ನೂ ಬಾಡಿರಲಿಲ್ಲ. ಕೋಗಿಲೆ, ಮಾವು, ಹೊಸ ಚಿಗುರು ಎಂದು ಒಬ್ಬೊಬ್ಬರಾಗಿ ಓದಿದರು. ನಾನೂ ಒಂದು ಓದಿದೆ. ಅಕ್ಕ ಸೀರೆಯ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದರು. ಎಲ್ಲ ಮುಗಿಯಿತು ಎನ್ನುವಾಗ, "ನಂದೂ ಒಂದು ಉಂಟು" ಎಂದು ಎದ್ದರು. ನನಗೇ ಗೊತ್ತಿರಲಿಲ್ಲ.

ಕಾಗದ ಏನೂ ಇಲ್ಲದೆ, ಹೋಟೆಲಿನಲ್ಲಿ ತಿಂಡಿಯ ಹೆಸರು ಹೇಳುವಷ್ಟೇ ಸರಳವಾಗಿ ಹೇಳಿದರು.

ಎಲ್ಲರಿಗೂ ಕಾಫಿ,
ನನಗೊಬ್ಬಳಿಗೆ ಸುಟ್ಟ ಟಯರು.
ಕಿಟಕಿಯಾಚೆ ಮಾವು ಚಿಗುರಿದೆ.

ಯಾರೋ ಚಪ್ಪಾಳೆ ತಟ್ಟಲು ಹೋಗಿ ಕೈ ತಡೆದರು. ಅಕ್ಕ ತಾವೇ ಬಿಡಿಸಿ ಹೇಳಿದರು: ಜ್ವರ ಬಂದದ್ದು, ವಾಸನೆ ಹೋದದ್ದು, ಕೆಟ್ಟು ಬಂದದ್ದು. ಹೋಟೆಲಿನಲ್ಲಿ ಯಾರಿಗೂ ಹೇಳದೆ ಅಷ್ಟು ಕಾಲ ಅಡಗಿಸಿಟ್ಟಿದ್ದನ್ನು ಗುರುತಿಲ್ಲದ ಜನರ ಮುಂದೆ ಬಿಸಿಲಿನಲ್ಲಿ ನಿಂತು ಹೇಳಿದರು. ಒಬ್ಬರು ಓಮದ ಹಬೆ ತೆಗೆದುಕೊಳ್ಳಿ ಎಂದರು, ಇನ್ನೊಬ್ಬರು ತುಪ್ಪದ ಹನಿ ಬಿಡಿ ಎಂದರು. "ಎಲ್ಲ ಮಾಡಿ ಆಯ್ತು" ಎಂದು ಅಕ್ಕ ಶಾಂತವಾಗಿ ಹೇಳಿ ಕೂತರು.

ಆಗ ಹಿಂದಿನ ಕುರ್ಚಿಯಿಂದ ಒಬ್ಬರು ಎದ್ದರು. ಕಲಬುರಗಿ ಕಡೆಯವರು, ಅಂಚೆ ಕಚೇರಿಯಲ್ಲಿ ಕೆಲಸ. ಮಿತಭಾಷಿ ಎಂದಷ್ಟೇ ನನಗೆ ಗೊತ್ತಿತ್ತು.

"ನನಗೂ ಹಂಗ ಆಗ್ಯಾದ್ರಿ ಅಕ್ಕಾರ. ನನಗ ಇನ್ನಾ ಏನೂ ಬರಾಂಗಿಲ್ಲ. ಮನ್ಯಾಗ ಹೇಳಿಲ್ರಿ."

ಅವರ ಪಕ್ಕದಲ್ಲೇ ಕೂತಿದ್ದ ಹೆಂಡತಿ ತಲೆಯೆತ್ತಿ ನೋಡಿದರು. "ಅದಕ್ಕೇನ್ರಿ, ಅವತ್ತು ಹಳಸಿದ ಬ್ಯಾಳಿ ಸುಮ್ಮ ಉಂಡ್ರಿ? ನಾ ತಟ್ಟಿ ತೊಳಿಯಾಕ ಹೋದಾಗ ಅದು ಹಳಸ್ಯಾದಂತ ನನಗ ಗೊತ್ತಾತು. ನನ್ನ ಮನಸಿಗೆ ಬ್ಯಾಸರ ಆಗಬಾರ್ದಂತ ಉಂಡಾರ ಅಂತ ತಿಳ್ಕೊಂಡಿದ್ದೆ."

"ಅದೂ ಖರೇನ" ಎಂದರು ಅವರು.

ಜನ ನಕ್ಕರು. ಆ ಹೆಂಗಸಿಗೂ ನಗು ಬಂತು, ಆದರೆ ಕಣ್ಣು ತುಂಬಿತ್ತು. ಗಂಡನ ತೋಳನ್ನು ಹಿಡಿದುಕೊಂಡು ಹಾಗೇ ಕೂತರು. ಊಟದ ಪಂಕ್ತಿಯಲ್ಲಿ ಅಕ್ಕ ಹೋಗಿ ಅವರಿಬ್ಬರ ಪಕ್ಕದಲ್ಲೇ ಕೂತರು. ನಾನು ಹೋಳಿಗೆ ಬಡಿಸುತ್ತ ಹೋದಾಗ ಅಕ್ಕ ಲವಂಗ, ನಿಂಬೆಯ ಅಭ್ಯಾಸವನ್ನು ಅವರಿಗೆ ಹೇಳಿಕೊಡುತ್ತಿದ್ದರು. "ಬರ್ತದೆ ಅಂತ ನಾನು ಹೇಳುದಿಲ್ಲ. ಬಂದ್ರೂ ಬೇರೆ ಥರ ಬರ್ಬಹುದು. ಆಗ ಹೆದರ್ಬೇಡಿ, ನಂಗೆ ಫೋನ್ ಮಾಡಿ" ಎನ್ನುವುದು ಕೇಳಿಸಿತು.

ಎರಡು ದಿನ ನಮ್ಮ ಮನೆಯಲ್ಲಿದ್ದು ಅವರು ನಾಸಿಕಕ್ಕೆ ಹೊರಟರು. ಬಸ್ಸಿಗೆ ಕಾಯುವಾಗ ನಾನು ಕೇಳಿದೆ: "ಹೋಟೆಲಿನ ಒಳಗ ಮತ್ತ ಯಾವಾಗ ಹೋಗ್ತೀರಿ?"

"ಹೋಗ್ತೇನೆ. ಅಲ್ಲಿಯವರಿಗೂ ಹೇಳ್ತೇನೆ. ಇಲ್ಲಿ ಹೇಳ್ಲಿಕ್ಕೆ ಆಯ್ತಲ್ಲ" ಎಂದರು.

ಹೇಳಿದರು. ಅಡುಗೆಯವರು ನಾವು ಅಂದುಕೊಂಡಷ್ಟು ಆಶ್ಚರ್ಯ ಪಡಲಿಲ್ಲವಂತೆ. ಅವರಿಗೆ ಹೇಗೋ ತಿಳಿದಿತ್ತು, ಅಕ್ಕನ ಬಾಯಿಂದ ಬರಲಿ ಎಂದು ಕಾಯುತ್ತಿದ್ದರು. ಅತ್ತೆಯ ಕಾಲದ ಕ್ರಮ ಸ್ವಲ್ಪ ಬದಲಾಯಿತು. ಮೊದಲ ಸೌಟು ದೇವರ ಮುಂದೆ, ಎರಡನೆಯದು ಅಕ್ಕನ ಅಂಗೈಗೆ. ಈಗ ಅವರು ನಾಲಿಗೆಯಿಂದ ನೋಡುತ್ತಾರೆ. ಉಪ್ಪು, ಹುಳಿ, ಖಾರ ತಿಳಿಯುತ್ತದೆ. ಇಂಗು, ಮೆಂತ್ಯ, ಕರಿಬೇವಿಗೆ ಒಳಗಿನವರ ಮೂಗು. ಕಾಫಿಯ ಹತ್ತಿರ ಮಾತ್ರ ಇನ್ನೂ ಹೋಗುವುದಿಲ್ಲ.

ಮಗಳು ಈಗ ಪುಣೆಯ ಹಾಸ್ಟೆಲಿನಲ್ಲಿದ್ದಾಳೆ. ಅಲ್ಲಿಂದಲೂ ಓದಿ ಕಳಿಸುತ್ತಾಳೆ. ಕೆಲವು ಸಲ ನನ್ನದು ಬಿಟ್ಟು ತನ್ನದೇ ಮೂರು ಸಾಲು ಸೇರಿಸುತ್ತಾಳೆ, ಒಂದು ಸಾಲು ಕನ್ನಡ, ಎರಡು ಮರಾಠಿ. ಅಕ್ಕನಿಗೆ ಅವೇ ಹೆಚ್ಚು ಇಷ್ಟ ಎಂದು ನನಗೆ ಅನುಮಾನ.

ಈ ವರ್ಷ ಚೈತ್ರದಲ್ಲಿ ಅಕಾಲದ ಮಳೆ ಬಂತು. ಸಂಭಾಜಿನಗರದಲ್ಲಿ ಹನಿ ಬಿದ್ದು ನಿಂತಿತು, ನಾಸಿಕದ ಕಡೆ ಜೋರಾಗಿಯೇ ಸುರಿಯಿತೆಂದು ಸುದ್ದಿ. ಮರುದಿನ ಬ್ಯಾಂಕಿನಲ್ಲಿ ಜನ ಸೇರಿದ್ದ ಹೊತ್ತಿಗೆ ಅಕ್ಕನ ಫೋನು. ಆ ಹೊತ್ತಿನಲ್ಲಿ ಅವರು ಯಾವತ್ತೂ ಮಾಡುವವರಲ್ಲ. ಎತ್ತಿದೆ.

"ಕೇಳು. ಉಗ್ರಾಣಕ್ಕೆ ನೀರು ಬಂದಿತ್ತು. ಬಟಾಟೆ ಚೀಲ ಎಲ್ಲ ಒದ್ದೆ. ನಾನು ಎತ್ತಿ ಇಡ್ಲಿಕ್ಕೆ ಹೋದೆ. ಒದ್ದೆ ಗೋಣಿಚೀಲದ ವಾಸ್ನೆ ಬಂತು ಮಾರಾಯ್ತಿ. ಸರಿಯಾದದ್ದು. ಬೇರೆ ಎಂತದೂ ಅಲ್ಲ, ಗೋಣಿಯದ್ದೇ."

"ಖರೇನಾ ಅಕ್ಕಾರ?"

"ತಡಿ. ನಂಗೇ ನಂಬಿಕೆ ಇಲ್ಲ. ಮತ್ತೊಮ್ಮೆ ನೋಡಿ ಬರ್ತೇನೆ, ಇಡ್ಬೇಡ."

ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ಮಧ್ಯಾಹ್ನದ ಹೋಟೆಲು ಕೇಳಿಸುತ್ತಿತ್ತು: ತಟ್ಟೆಗಳು, ಯಾರೋ ಎರಡು ಪ್ಲೇಟು ಇಡ್ಲಿ ಎಂದು ಕೂಗಿದ್ದು, ಯಜಮಾನರು ಯಾರಿಗೋ ಮರಾಠಿಯಲ್ಲಿ ಏನೋ ಹೇಳಿದ್ದು. ನನ್ನ ಮುಂದೆ ಪಾಸ್‌ಬುಕ್ಕು ಹಿಡಿದು ನಿಂತಿದ್ದ ಅಜ್ಜನಿಗೆ ಒಂದು ನಿಮಿಷ ಎಂದು ಕೈ ಮಾಡಿದೆ. ಅವನು ನನ್ನ ಮುಖ ನೋಡಿ, "ಸಾವಕಾಶ, ತಾಯಿ" ಎಂದು ಪಕ್ಕದ ಬೆಂಚಿನ ಮೇಲೆ ಕೂತ.

ತುಸು ಹೊತ್ತಿಗೆ ಓಡಿ ಬಂದ ಉಸಿರಿನ ಸದ್ದು ಫೋನಿಗೆ ಮರಳಿತು.

"ಉಂಟು. ಇನ್ನೂ ಉಂಟು" ಎಂದರು ಅಕ್ಕ.